ಬಕೆಟ್ಟಿನಷ್ಟು ಕುಳಿ

ಆ ಫಲಕ ಬರೆದವನು ನಾನೇ.
ದೋಣಿಗೆ ಬಳಿದು ಉಳಿದ ನೀಲಿ ಬಣ್ಣದಲ್ಲಿ,
ಅಕ್ಷರ ಸೊಟ್ಟಗಾಗದಂತೆ ದಾರ ಹಿಡಿದು:
ಹನ್ನೆರಡು ತುಂಬದವರಿಗೆ ಪ್ರವೇಶವಿಲ್ಲ.
ಇಪ್ಪತ್ತಾರು ವರ್ಷ ಅದು ಗೇಟಿಗೆ ಜೋತು
ಕಡಲಗಾಳಿಗೆ ಕಟಕಟ ಹಲ್ಲು ಕಡಿಯುತ್ತಿತ್ತು.

ಸ್ಕಾರ್ವವೀಕಿನಲ್ಲಿ ಮರಗಳಿಲ್ಲ.
ಕಪ್ಪು ಲಾವಾ, ಅದರ ಮೇಲೆ ಪಾಚಿ,
ಪಾಚಿಯ ನಡುವೆ ಒಂಬತ್ತು ಹಸಿರು ತೇಪೆ.
ಅದೇ ನಮ್ಮ ಗಾಲ್ಫ್ ಮೈದಾನ.
ಸದಸ್ಯರು ಏಳು ಮಂದಿ. ನಾಲ್ವರಿಗೆ ಮಂಡಿನೋವು.
ಕಣ್ಣು ಮಂಜಾದ ಎಂಗಿಲ್ಬರ್ಟ್ ಚೆಂಡು ಹೊಡೆದು
ಎತ್ತ ಹೋಯಿತೆಂದು ನನ್ನನ್ನು ಕೇಳುತ್ತಿದ್ದ.
ಎತ್ತ ಹೋಗಿರಲಿ, ನೇರ ಎನ್ನುತ್ತಿದ್ದೆ.

ಬೇಲಿಯಾಚೆ ಆ ಹುಡುಗಿ,
ಮೀನು ಕಾರ್ಖಾನೆಯ ಬೊಗುಮಿಲನ ಮಗಳು ಕಿಂಗಾ.
ಮುರಿದ ಕುಂಟೆಯ ಹಿಡಿ ಅವಳ ಕೋಲು,
ಬಲೆಯಿಂದ ಕಳಚಿದ ಕಿತ್ತಳೆ ತೇಲುಗುಂಡು ಚೆಂಡು,
ಕುರಿಯ ಗೊರಸು ಊರಿದ ಗುಂಡಿಯೇ ಕುಳಿ.
ಹೊಡೆದಳು. ಹೋಗಲಿಲ್ಲ. ಹೊಡೆದಳು.
ಹೋಗಲಿಲ್ಲ. ಗುಂಡಿಯನ್ನೇ ಬೂಟಿನ ಹಿಮ್ಮಡಿಯಿಂದ
ಇಷ್ಟಗಲ ಕೆದರಿ
ಮತ್ತೆ ಹೊಡೆದಳು. ಹೋಯಿತು.
ಯಾರ ಕಡೆಗೂ ನೋಡದೆ ಎರಡೂ ಕೈ ಎತ್ತಿದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.
ಜೂನಿನಲ್ಲಿ ಇಲ್ಲಿ ರಾತ್ರಿಯೇ ಬರುವುದಿಲ್ಲ, ಆ ಮಾತು ಬೇರೆ.

ಸಭೆಯಲ್ಲಿ ಹೇಳಿದೆ: ಕುಳಿ ದೊಡ್ಡದು ಮಾಡೋಣ.
ಎಷ್ಟು? ಎಂದರು. ಬಕೆಟ್ಟಿನಷ್ಟು, ಎಂದೆ.
ಹಾಗಾದರೆ ಅದು ಆಟವೇ ಅಲ್ಲ, ಎಂದ ಎಂಗಿಲ್ಬರ್ಟ್.
ಸ್ಟೇನುನ್ ಕಾಫಿ ಬಟ್ಟಲು ಕೆಳಗಿಟ್ಟಳು.
ಆಟ ಅಂತ ಮೂವತ್ತು ವರ್ಷ ಆಡಿದೆವಲ್ಲ,
ಒಂದು ದಿನ ನಕ್ಕೆವಾ? ಎಂದಳು,
ನಾನು ಆಡಬೇಕೆಂದಿದ್ದ ಮಾತನ್ನು ಬಾಯಿಂದ ಕಸಿದು.

ಕಾರ್ಖಾನೆಯಿಂದ ಒಂಬತ್ತು ಬಕೆಟ್ ತಂದೆವು.
ಎಷ್ಟು ತೊಳೆದರೂ ಕಾಡ್ ಮೀನಿನ ವಾಸನೆ.
ಕುತ್ತಿಗೆವರೆಗೆ ಹೂತೆವು.
ಕೋಲುಗಳನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿದೆ,
ತೀರಿಕೊಂಡ ಹೆಂಡತಿಯದನ್ನೂ. ಅದನ್ನು ಕೊನೆಗೆ.

ಮೊದಲ ಶನಿವಾರ, ರಾತ್ರಿ ಹತ್ತಕ್ಕೆ, ಬಿಸಿಲಿನಲ್ಲಿ
ಬಂದರು: ಪಾಳಿ ಮುಗಿಸಿದ ಬೊಗುಮಿಲ್, ರಬ್ಬರ್ ಬೂಟಿನಲ್ಲೇ;
ಸೆಬು ದ್ವೀಪದ ರೋಸಾಲಿಂಡ, ಬೆನ್ನಿಗೆ ಕೂಸು ಕಟ್ಟಿಕೊಂಡು;
ಅವಳ ಅವಳಿಗಳು; ಅವಳಿಗಳ ಹಿಂದೆ ಒಂದು ಕುರಿಮರಿ.
ಅದನ್ನು ಯಾರೂ ಕರೆದಿರಲಿಲ್ಲ.

ಕ್ರೀಯ ಹಕ್ಕಿಗಳನ್ನೂ ಕರೆದಿರಲಿಲ್ಲ.
ಭೂಮಿಯ ಆ ತುದಿಯಿಂದ ಈ ತುದಿಗೆ ಹಾರಿ ಬಂದು
ನಮ್ಮ ನಾಲ್ಕನೇ ಕುಳಿಯ ಬಳಿಯೇ ಮೊಟ್ಟೆ ಇಡುವ ಹಠಮಾರಿಗಳು.
ಹತ್ತಿರ ಹೋದರೆ ಕುಕ್ಕುತ್ತವೆ,
ಎಲ್ಲಕ್ಕಿಂತ ಎತ್ತರದ ತಲೆಯೇ ಬೇಕು ಅವಕ್ಕೆ.
ಇಷ್ಟು ವರ್ಷ ನಾವು ಬೈದುಕೊಂಡು ಓಡುತ್ತಿದ್ದೆವು.
ಮಕ್ಕಳು ಬಾವುಟದ ಗಳ ಕಿತ್ತು ತಲೆಯ ಮೇಲೆತ್ತಿ
ದಿಬ್ಬಣದ ಹಾಗೆ ದಾಟಿದರು.
ನನ್ನದು ಬೋಳುತಲೆ. ಗಳವಿಲ್ಲ. ಕುಕ್ಕಿತು.
ಕಿಂಗಾ ನನ್ನ ಚೀಟಿಯಲ್ಲಿ ಒಂದು ಸೇರಿಸಿದಳು:
ಹಕ್ಕಿ ಹೊಡೆದದ್ದೂ ಒಂದು ಹೊಡೆತ.

ಹಳೆಯ ಕುಳಿಗೆ ಬಿದ್ದರೆ ಟಿಕ್.
ಹೊಡೆದವನಿಗೆ ಮಾತ್ರ ಕೇಳುತ್ತಿತ್ತು.
ಬಕೆಟ್ಟಿಗೆ ಬಿದ್ದರೆ ಡಬಾರ್,
ಬಂದರಿನ ನಾಯಿ ಎದ್ದು ಬೊಗಳುವಷ್ಟು.
ರೋಸಾಲಿಂಡಳ ಕೂಸು ಪ್ರತಿ ಸದ್ದಿಗೂ ಬೆಚ್ಚಿ
ಆಮೇಲೆ ಬೆಚ್ಚಿದ್ದಕ್ಕೇ ನಗುತ್ತಿತ್ತು.
ಡಬಾರ್ ಕೇಳಿ ಎಂಗಿಲ್ಬರ್ಟ್, ಅದು ನನ್ನದು ಎಂದ.
ನಾನು ಸುಳ್ಳು ಹೇಳಬೇಕಾಗಲಿಲ್ಲ.

ಫಲಕ ಕೀಳುವುದನ್ನು ಮರೆತಿದ್ದೆ.
ಮರುದಿನ ನೋಡಿದರೆ ಯಾರೋ ಮಗುಚಿ ಹಾಕಿದ್ದಾರೆ.
ಬೆನ್ನ ಮೇಲೆ ಸೀಮೆಸುಣ್ಣ, ದಾರ ಹಿಡಿಯದ ಸೊಟ್ಟ ಅಕ್ಷರ:
ದೊಡ್ಡವರು ಒಬ್ಬೊಬ್ಬರೇ ಬರಬಾರದು.

ಕೋಲು ಹೆಗಲಿಗಿಟ್ಟು ಹೊರಗೇ ನಿಂತೆ.
ನಿಯಮ ಎಂದರೆ ನಿಯಮ, ಜೀವಮಾನವಿಡೀ ನಾನೇ ಹೇಳಿದ್ದು.
ಹತ್ತು ನಿಮಿಷ. ಗಾಳಿ. ಇಪ್ಪತ್ತು.
ಕಾರ್ಖಾನೆಯ ತಿರುವಿನ ಕಡೆಯಿಂದ
ಸೈಕಲ್ ಗಂಟೆ.