ಮಣೂಕದ ಕಸ

ತಿಕೋಟಾದಾಗ ಬಿಸಲು ಬಲತಿತಂದ್ರ
ಗಾಳಿಗೇ ಸಕ್ಕರಿ ಹತ್ತಿರತದ.
ಶೆಡ್ಡಿನ ಹಸರು ಜಾಳಗಿಯೊಳಗ ಒಣಗಿದ ದ್ರಾಕ್ಷಿ
ಮಷೀನಿಗೆ ಬಿದ್ದು
ಮಣೂಕ ಒಂದು ಕಡೆ,
ಕಡ್ಡಿ, ತೊಟ್ಟು, ಪುಡಿ ಇನ್ನೊಂದು ಕಡೆ.
ಮಣೂಕಕ್ಕ ಡಬ್ಬಿ, ಡಬ್ಬಿಗೆ ಚಿತ್ರ, ಚಿತ್ರಕ್ಕ ರೇಟು.
ಕಡ್ಡಿಗೆ ಬೆಂಕಿ.

ನಾ ಆರಿಸೂ ಟೇಬಲ್ಲಿನಾಕಿ.
ಹದಿನಾಕು ವರ್ಷ, ಕರೀ ಕಾಳು ಬ್ಯಾರೆ, ಹಸರು ಕಾಳು ಬ್ಯಾರೆ.
ಒಂದಿನ ಗೌಡ್ರಿಗೆ ಕೇಳಿದೆ: ಸುಡೂದು ನನಗ ಕೊಡ್ರಿ.
ನಕ್ಕರು. ನಕ್ಕಿದ್ದನ್ನ ಹೂಂ ಅಂತ ತಿಳಕೊಂಡು
ಹನ್ನೊಂದು ಚೀಲ ತುಂಬಿಸಿ ಮನಿಗೆ ತಂದೆ.

ಮನಿಯಾಗ ಹನ್ನೆರಡು ಟಗರುಮರಿ,
ಅಮೀನಗಡದ ಸಂತಿಯಿಂದ ಬಂದಾವು,
ಉದ್ದ ಕಾಲು, ಜೋತ ಕಿವಿ, ಒಂದೂ ಸುಮ್ಮನಿರೂದಲ್ಲ.
ಆರಕ್ಕ ಎಡಗಡೆ ಗೂಟ:
ಜ್ವಾಳದ ಕಣಕಿ, ತೊಗರಿ ಹೊಟ್ಟು, ಮುಷ್ಟಿ ಕುಸುಬಿ ಹಿಂಡಿ.
ಆರಕ್ಕ ಬಲಗಡೆ:
ಅದೇ ಎಲ್ಲಾ, ಕಣಕಿ ಮಾತ್ರ ಅರ್ಧ,
ಉಳಿದರ್ಧ ಮಣೂಕದ ಕಸ.
ಯಾರೂ ಕಲಿಸಿದ್ದಲ್ಲ.
ಎರಡು ಒಲಿ ಮ್ಯಾಲ ಎರಡು ಬ್ಯಾಳಿ ಇಟ್ಟಾಕಿಗೆ
ಯಾವುದು ಮೊದಲು ಬೆಂತು ನೋಡೂದು ಗೊತ್ತಿರತದ.

ಬೇವಿನ ಟೊಂಗಿಗೆ ಸ್ಪ್ರಿಂಗಿನ ಕಾಟಾ,
ಕಾಟಾಕ್ಕ ನನ್ನ ಹಳೇ ಇಳಕಲ್ಲ ಸೀರಿ ಜೋಳಿಗಿ,
ಜೋಳಿಗಿಯೊಳಗ ಕಾಲು ಝಾಡಿಸೂ ಮರಿ.
ಅಮಾಸಿಗೊಮ್ಮೆ, ಹುಣ್ಣಿವಿಗೊಮ್ಮೆ.
ಬರಕೊಳ್ಳಾಕಿ ಮಗಳು ದಾಕ್ಷಾಯಿಣಿ,
ಶೆಡ್ಡಿನಾಗ ಎಲ್ಲಾರ ಬಾಯಾಗ ದ್ರಾಕ್ಷಾಯಿಣಿ.
ಮುಳ್ಳು ನಡಗೂದು ನಿಲ್ಲೂತನಕ ಪೆನ್ನು ಇಳಸೂದಿಲ್ಲ ಆಕಿ.

ಖರೇ ಹೇಳತೀನಿ, ಬಲಗಡೆಯವು ಹೆಚ್ಚು ಬೆಳೀಲಿಲ್ಲ.
ಹದಿನೈದು ದಿನಕ್ಕ ಎಡಕ್ಕ ಒಂದೂವರಿ ಕಿಲೋ,
ಬಲಕ್ಕ ನೂರು ಗ್ರಾಂ ಕಮ್ಮಿ.
ಕಡ್ಡಿಯೊಳಗಿನ ಒಗರು ಹೊಟ್ಟಿ ಕಟ್ಟತದೋ ಏನೋ.
ಆದ್ರ ಕಣಕಿ ಬಣಿವಿ
ಈ ಸಲ ಅಷ್ಟ ಲಗೂ ಇಳೀಲಿಲ್ಲ.

ಆಮ್ಯಾಲ ನನಗ ಆಸಿ ಬಂತು.
ಚಾಟನಿ ಆದ ತ್ವಾಟದಾಗ ಹಸೀ ಎಲಿ ರಾಶಿ ಬಿದ್ದಿತ್ತು,
ಹೊರಿ ಕಟ್ಟಿ ತಂದು ಬಲಗಡೆ ಸುರುವಿದೆ.
ಎಲಿ ಮ್ಯಾಲಿನ ನೀಲಿ ಕಲಿ
ಕಂಡಿತ್ತು ನನಗ. ಧೂಳ ಅಂದುಕೊಂಡೆ.
ಏಳನೇ ಮರಿಯ ಕಣ್ಣು ಅರಿಷಿಣ ಆದುವು,
ಉಚ್ಚಿ ಕರೀ ಚಾದಂಗ.
ಡಾಕ್ಟರು ಬಂದ್ರು, ರೆಪ್ಪಿ ಎತ್ತಿ ನೋಡಿದ್ರು, ಎಲಿ ನೋಡಿದ್ರು.
"ಮೈಲುತುತ್ತ. ತಾಮ್ರ.
ಆಕಳು ತಡಕೋತಾವ ತಂಗಿ, ಕುರಿ ತಡಕೊಳ್ಳೂದಿಲ್ಲ."
ನಮ್ಮನಿಯಾಗ ಕುಡಿಯೂ ನೀರಿನ ಕೊಡಾನೂ ತಾಮ್ರದ್ದು.
ಅವತ್ತು ಅದನ್ನ ತೊಳೀಲಿಲ್ಲ, ತುಂಬಲೂ ಇಲ್ಲ.

ಆವತ್ತಿನಿಂದ ಚೀಲ ಎತ್ತೂಕಿಂತ ಮೊದಲು ಕೇಳತೀನಿ:
ಏನು ಹೊಡದೀರಿ? ಯಾವಾಗ ಹೊಡದೀರಿ?
ಬಾಳ ಕೇಳತಾಳ ಈಕಿ, ಅಂತಾರ.

ಲಾಡ್ಲೇಸಾಬ ಎರಡು ಮರಿ ಒಯ್ದ,
ಯಾವುದು ಯಾವ ಗೂಟದ್ದು ಹೇಳಿರಲಿಲ್ಲ ಅವನಿಗೆ.
ಸಂಜಿಕ ಅಂಗಡಿ ಮುಚ್ಚಿ ತಾನೇ ಬಂದ,
ಕೈ ಒರಸಿಕೋತ ನಿಂತ:
"ಒಂದು ಮಧ್ಯಾಹ್ನಕ್ಕ ಕಂದು ತಿರುಗಿತು, ಅವ್ವಾ.
ಇನ್ನೊಂದು ದೀಪಾ ಹಚ್ಚೂತನಕ ಕೆಂಪಗ ಕುಂತಿತ್ತು.
ಕೊಬ್ಬೂ ಬಿಗಿ, ಕುರಿ ವಾಸನಿ ಕಮ್ಮಿ.
ಏನು ತಿನಿಸೀದಿ?"
ಕಸ, ಅಂದೆ.
ನಂಬಲಿಲ್ಲ. ಮುಂದಿನ ವಾರಕ್ಕ ಮೂರು ಬೇಕಂದ.

ಅವ ಕೊಟ್ಟ ಕಾಲು ಕಿಲೋ ನಾನೂ ಬೇಯಿಸಿ ತಿಂದೆ.
ಫರಕು ತಿಳೀಲಿಲ್ಲ ನನಗ,
ಕೈ ಜಾರಿ ಖಾರ ಮುಂದಾಗಿತ್ತು.
ದಾಕ್ಷಾಯಿಣಿ ವಹಿ ತಗದು ಕೇಳಿದಳು,
ರುಚಿ ಯಾವ ಸಾಲಿಗೆ ಬರೀಲಿ?
ಸಾಲೇ ಹೊಡದಿರಲಿಲ್ಲ ನಾವು.
ಏಳರ ಮುಂದ ಖಾಲಿ ಇತ್ತು. ಅಲ್ಲಿ ಬ್ಯಾಡ, ಅಂದೆ.

ಸುದ್ದಿ ಗೌಡ್ರ ಕಿವಿಗೂ ಮುಟ್ಟಿರಬೇಕು.
ಈ ವರ್ಷ ಶೆಡ್ಡಿನ ಬಾಗಿಲಾಗ ತಡದ್ರು:
ಕಡ್ಡಿಗೂ ರೇಟು ಹಚ್ಚೀನಿ, ಕಿಲೋಕ್ಕ ನಾಕು ರೂಪಾಯಿ.
ಆಗಲಿ ಅಂದೆ.
ಬಳ್ಳಿ ಬುಡಕ್ಕ ಹ್ವಾದ ವರ್ಷ ಪುಕಟ ಒಯ್ದೀರಲ್ಲ
ನನ್ನ ಹಿಕ್ಕಿ ಗೊಬ್ಬರ, ಎರಡು ಟ್ರ್ಯಾಕ್ಟರು,
ಅದನ್ನೂ ತೂಗೋಣ್ರಿ.
ಕಾಟಾ ನಮ್ಮ ಬೇವಿನ ಗಿಡದಾಗ ಅದ.