ಏಳನೇ ಕಲಂ

ನದಿ: ಕೃಷ್ಣಾ. ತಾಲೂಕು: ಲಿಂಗಸುಗೂರು. ಜಿಲ್ಲೆ: ರಾಯಚೂರು.
ಆರು ಕಲಂ ಸರಾಗ ತುಂಬಿದೆ.
ಏಳನೆಯದು: ನೌಕೆಯ ಮುಂಭಾಗ ಯಾವುದು?

ಕಾರವಾರದಿಂದ ಬಂದಿದ್ದ ಬಂದರಿನ ಸಾಹೇಬರು
ಹುಸೇನಪ್ಪನ ಅರಗೋಲಿನ ಸುತ್ತ ಮೂರು ಸಲ ತಿರುಗಿದರು.
"ನಾ ಯಾ ಕಡಿ ಮಾರಿ ಮಾಡಿ ಕುಂತೀನೋ
ಅದೇ ಮುಂದ್ರಿ" ಅಂದ ಹುಸೇನಪ್ಪ,
ಡಾಂಬರು ಬಳಿದ ಚೀಲದ ಹೊಲಿಗೆಯನ್ನು
ಹೆಬ್ಬೆರಳಲ್ಲಿ ಒತ್ತಿ ನೋಡುತ್ತ.
ನಡುಗಡ್ಡೆಯ ಅಂಗನವಾಡಿಯವಳು ನಾನು,
ದಿನಾ ಈ ಬುಟ್ಟಿಯಲ್ಲಿ ದಾಟುವವಳು.
ಅಕ್ಷರ ಬರುತ್ತದೆಂದು ಪೆನ್ನು ನನ್ನ ಕೈಗೆ ಕೊಟ್ಟಿದ್ದರು.

ಸಾಹೇಬರು ಹದಿನೆಂಟು ವರ್ಷ ಹಡಗಿನಲ್ಲಿದ್ದವರಂತೆ.
ಕೊಡು ಇಲ್ಲಿ ಎಂದು ಹುಟ್ಟು ಇಸಕೊಂಡು
ಬಲಕ್ಕೊಂದು ಹಾಕಿದರು, ಅರಗೋಲು ಗಿರಕ್ಕನೆ ಎಡಕ್ಕೆ.
ಎಡಕ್ಕೊಂದು ಹಾಕಿದರು, ಗಿರಕ್ಕನೆ ಬಲಕ್ಕೆ.
ಗುಡ್ಡ ಬಂತು, ಪಂಪ್‌ಸೆಟ್ಟಿನ ಮನೆ ಬಂತು,
ಹೋದ ಗುಡ್ಡವೇ ಮತ್ತೆ ಬಂತು.
ಮಡಿಲಲ್ಲಿ ಎರಡು ಟ್ರೇ ತತ್ತಿ. ಕಣ್ಣು ಮುಚ್ಚಿಕೊಂಡೆ.

"ಬಾಜೂಕ ಬ್ಯಾಡ್ರಿ ಸಾಹೇಬ್ರ, ಎದುರಿಗೆ ಹಾಕ್ರಿ.
ನೀರು ನಿಮ್ಮ ಕಡಿ ಬಳಕೋರಿ,
ರೊಟ್ಟಿ ಮುರದು ಪಲ್ಯಾ ಬಳಕೊಂಡಂಗ."

ಅಷ್ಟು ಹೇಳಿ ತಾನೇ ಹಿಡಿದ.
ನೆಟ್ಟಗೆ ಆಚೆ ದಂಡೆಗೆ ಹೊರಡಲಿಲ್ಲ,
ಈ ದಂಡೆಯ ಮಗ್ಗುಲಲ್ಲೇ, ನೀರು ಮೆತ್ತಗಿರುವಲ್ಲಿ
ಕರೀ ಬಂಡೆಯ ತನಕ ಮೇಲಕ್ಕೇರಿದ.
ಅಲ್ಲಿಂದ ಹೊಳೆಗೆ ಮೈ ಕೊಟ್ಟ.
"ಅದು ತಳಕ್ಕ ಒಯ್ತದ, ಒಯ್ಯಲಿ. ನಾವು ಅಡ್ಡ ಎಳಕೋತ ಇರೋದು.
ಹೊಳಿ ತನ್ನ ಪಾಲು ಬಿಡಂಗಿಲ್ರಿ.
ಲೆಕ್ಕಾ ಬರೋಬರಿ ಇದ್ರ ಹುಣಸಿ ಬುಡಕ್ಕ ತಂದು ಇಳಸ್ತದ."

ನೀರಿನ ಮೇಲೆ ಬಾಣದ ಮೊನೆ ಮೇಲ್ಮುಖವಾಗಿದ್ದರೆ
ಅಡಿಯಲ್ಲಿ ಬಂಡೆ ಕೂತಿದೆ,
ಮೊನೆ ಕೆಳಮುಖವಾದರೆ ಸಂದಿ, ಅಲ್ಲೇ ತೂರು.
ಸುಳಿಯ ಜೋಡಿ ಜಗಳ ತೆಗೆಯಬೇಡ,
ಅದರೊಂದಿಗೇ ತಿರುಗಿ, ಅಂಚಿಗೆ ಬಂದಾಗ ಒಂದೇ ಜಗ್ಗು.
ಇದೆಲ್ಲ ಸಾಹೇಬರಿಗಲ್ಲ, ಮೊದಲ ವರ್ಷ
ನಡುನೀರಲ್ಲಿ ಸೆರಗು ಸರಿಮಾಡಲೆಂದು
ಎದ್ದು ನಿಂತಿದ್ದ ನನಗೆ ಬೈಯುತ್ತ ಹೇಳಿದ್ದು.
ಆಡೂ ಕೂಡ ನಿಲ್ಲಂಗಿಲ್ಲವ್ವ, ನೀ ನಿಲ್ತಿಯಲ್ಲ, ಅಂದಿದ್ದ.

ಅರ್ಧ ಹೊಳೆ ದಾಟಿರಬೇಕು. ಹುಟ್ಟು ನಿಂತಿತು.
ಒಂದು ಜಾಲಿಯ ಟೊಂಗೆ ತೇಲಿ ಬಂತು,
ಈಗಷ್ಟೇ ಮುರಿದಂತೆ ಹಸಿ ಹಸಿ,
ಅದರ ತುದಿಗೆ ಇರುವೆಗಳು ಉಂಡೆಗಟ್ಟಿ.
ಹುಸೇನಪ್ಪ ಅಂಗೈಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದ.
ನನಗೆ ನೀರಿನಂತೆಯೇ ಕಂಡಿತು.
"ತಿರುಗ್ರಿ" ಅಂದ. ಯಾರೂ ತಿರುಗಲಿಲ್ಲ, ಅರಗೋಲೂ ತಿರುಗಲಿಲ್ಲ,
ಅವನೊಬ್ಬ ಎದ್ದು, ನನ್ನ ದಾಟಿ, ಆಚೆ ಅಂಚಿಗೆ ಕೂತ.
ಹಿಂದೆ ಇದ್ದದ್ದು ಮುಂದಾಯಿತು.
ಅವನೂ ನಡುನೀರಲ್ಲಿ ಎದ್ದನಲ್ಲ ಎಂದು
ನನಗೆ ಹೊಳೆದದ್ದು ರಾತ್ರಿ ಮಲಗಿದಾಗ.

ದಂಡೆ ಮುಟ್ಟಿ, ಅರಗೋಲು ಬೋರಲು ಹಾಕಿ,
ಒಂದು ಬೀಡಿ ಮುಗಿಯುವಷ್ಟರಲ್ಲಿ
ಬಟ್ಟೆ ಒಗೆಯುವ ಕಲ್ಲು ಕಾಣದಾಗಿತ್ತು.
ಅದಾದ ಎಷ್ಟೋ ಹೊತ್ತಿಗೆ ಸಾಹೇಬರ ಫೋನು ಗುಣುಗುಟ್ಟಿತು:
ಮೇಲಿನ ಡ್ಯಾಮಿನ ಗೇಟು ತೆರೆಯಲಾಗಿದೆ, ನದಿ ಪಾತ್ರದ ಜನ ಎಚ್ಚರದಿಂದಿರಿ.
ಅವರು ಅದನ್ನು ಎರಡು ಸಲ ಓದಿದರು,
ಎರಡನೇ ಸಲ ದನಿಯಿಲ್ಲದೆ.
ಆಚೆ ಹನ್ನೊಂದು ಮಕ್ಕಳಿಗೆ ಅವತ್ತು ತತ್ತಿಯಿಲ್ಲ.

ಸುಮ್ಮನೆ ಕೂರಲಾರದೆ ಸಾಹೇಬರು ಹಗ್ಗ ಕೇಳಿದರು.
ಹಾವು ಹುತ್ತದಿಂದ ಬಂತು, ಮರ ಸುತ್ತಿತು,
ಮತ್ತೆ ಅದೇ ಹುತ್ತಕ್ಕಿಳಿಯಿತು,
ಎಷ್ಟು ಜಗ್ಗಿದರೂ ಬಿಗಿಯದ, ಜಾರದ ಕುಣಿಕೆ.
ಹುಸೇನಪ್ಪ ಬೀಡಿ ಬಿಸಾಕಿ ಹತ್ತಿರ ಸರಿದ.
"ಇನ್ನೊಮ್ಮೆ ಮಾಡ್ರಿ." ಮಾಡಿದರು.
"ಒಂದ ಕೈಲೆ ಬರ್ತದೇನ್ರಿ?" ಬಂತು.
ಅರವತ್ತು ವರ್ಷದ ಮನುಷ್ಯ ಸಂಜೆತನಕ ಕೂತು
ತನ್ನ ಹೆಬ್ಬೆರಳಿಗೇ ಕಟ್ಟಿ ಬಿಚ್ಚಿ ಕಟ್ಟಿದ.

ಈಗ ಅವನ ಎಮ್ಮೆಯ ಕೊರಳಲ್ಲಿದೆ ಅದು,
ನನ್ನ ತತ್ತಿಯ ಟ್ರೇಗೂ ಇದೆ.
ಮೊನ್ನೆ ನಮೂನೆ ವಾಪಸು ಬಂತು, ಕೆಂಪು ಶಾಯಿಯಲ್ಲಿ:
ಏಳನೇ ಕಲಂ ಭರ್ತಿ ಮಾಡಿ ಕಳಿಸತಕ್ಕದ್ದು.
ಕೆಳಗಿನ ಸಹಿ ಅವರದಲ್ಲ, ಬೇರೆ ಯಾರದೋ.
ಹುಸೇನಪ್ಪ ಅದನ್ನು ಮಡಿಚಿ
ಸೋರುವ ಕಡೆ ಚೀಲದ ಅಡಿಗಿಟ್ಟು, ಮೇಲೆ ಡಾಂಬರು ಸವರಿದ.
ಬರ್ರೆವ್ವ, ಹೊತ್ತಾತು, ಅಂದ.