ಜೊತೆಗೆ ಬಂದವಳು

ಒಂಟಿಯಾಗಿ ಬಂದರೆ ಸೇರಿಸಿಕೊಳ್ಳುವುದಿಲ್ಲ ಎಂದರು
ಡಾಕಾರಿನ ಆಸ್ಪತ್ರೆಯಲ್ಲಿ.
ಮನೆಯವರೊಬ್ಬರು ಇರಲೇಬೇಕು, ಅದೇ ಕೋಣೆಯಲ್ಲಿ,
ಪಕ್ಕದ ಮಂಚದಲ್ಲಿ, ಹಗಲೂ ರಾತ್ರಿ.
ನೀವು ಇವರಿಗೇನಾಗಬೇಕು? ನರ್ಸು ಕೇಳಿದಳು.
ಸವತಿ, ಎಂದೆ.
ಅವಳ ಪೆನ್ನು ಒಂದು ಗಳಿಗೆ ತಡೆದು
ಆಮೇಲೆ 'ತಂಗಿ' ಎಂದು ಬರೆದುಕೊಂಡಿತು.

ಯಾಂದೆಯ ಮನೆ ಹೊಕ್ಕು ನನಗೆ ಹದಿನಾಲ್ಕು ವರ್ಷ.
ನನ್ನ ಕೈಯಡುಗೆ ಅವಳು ಮುಟ್ಟಿದವಳಲ್ಲ.
ಹೆಸರಿಲ್ಲ ನನಗೆ; 'ಅವಳು' ಎನ್ನುತ್ತಿದ್ದಳು,
ಅಂಗಳದ ಕೋಳಿಗಳಿಗೆ ದೂರು ಹೇಳುವಂತೆ.

ಮಳೆ ನಿಂತ ವಾರ
ಮ್ಯಾಂಗ್ರೋವ್ ಬೇರುಗಳ ನಡುವೆ ಕೆಸರಿಗೆ ಕೈಯಿಟ್ಟು
ಚಿಪ್ಪು ಹೆಕ್ಕುತ್ತಿದ್ದವಳು
ಸತ್ತ ಮಗನೊಡನೆ ಮಾತಿಗಿಳಿದಳು.
ಉಬ್ಬರ ಎದೆಮಟ್ಟ ಬಂದರೂ ಏಳಲಿಲ್ಲ.
ರಟ್ಟೆ ಹಿಡಿದು ದಡಕ್ಕೆಳೆದವಳು ನಾನು.
ಹಿರಿಯರ ಮರದ ಬುಡಕ್ಕೆ ಹಾಲೆರೆದದ್ದಾಯಿತು,
ತಾಯಿತ ಕಟ್ಟಿದ್ದಾಯಿತು.
ಊರು ಪಿಸುಗುಟ್ಟಿತು: ಕಿರಿಯವಳೇ ಏನೋ ಮಾಡಿಸಿದ್ದಾಳೆ.
ಗಂಡ ನೆಲ ನೋಡುತ್ತ ಕೂತ.
ಆ ಬಾಯಿಗಳನ್ನು ಮುಚ್ಚಿಸಲೆಂದೇ
ಚಾಪೆ ಸುತ್ತಿಕೊಂಡು ಬಸ್ಸು ಹತ್ತಿದೆ. ಕರುಣೆಯಿಂದಲ್ಲ,
ಇದನ್ನು ಡಾಕ್ಟರಿಗೂ ಹೇಳಿದ್ದೇನೆ.

ಇಲ್ಲಿ ನನ್ನ ಕೆಲಸ ಇಷ್ಟು:
ಮಾತ್ರೆ ನಾಲಗೆಯಡಿ ಬಚ್ಚಿಟ್ಟಳೋ ನೋಡುವುದು,
ಗೋಡೆಗೆ ಅವಳು ಹೇಳುವುದನ್ನು ಕೇಳಿಸಿಕೊಳ್ಳುವುದು,
ತಲೆ ಬಾಚುವುದು.
ಮೊದಲ ಸಲ ಆ ಕೂದಲು ಬಿಡಿಸಿದಾಗ
ನೆತ್ತಿಯ ಎಡಕ್ಕೆ ಬೆರಳಿಗೆ ಸಿಕ್ಕಿತು ಒಂದು ಹಳೆಯ ಕಲೆ.
ಯಾರ ಕೈಯದೆಂದು ಕೇಳಬೇಕಾಗಲಿಲ್ಲ.
ನನಗೂ ಇದೆ ಒಂದು, ಬಲಕ್ಕೆ.

ಸೋಮವಾರ ಬೇವಿನ ನೆರಳಲ್ಲಿ ಸಭೆ.
ಡಾಕ್ಟರು, ಅಡುಗೆಯವನು, ಯಾರದೋ ಅತ್ತೆ,
ತಾನೇ ಮಂತ್ರಿಯೆನ್ನುವ ದರ್ಜಿ, ಅವನ ಅಣ್ಣ,
ಎಲ್ಲ ಒಂದೇ ಸುತ್ತಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ.
ಈ ವಾರ ಅಧ್ಯಕ್ಷಗಿರಿ ದರ್ಜಿಯದು;
ಹದವಾಗಿಯೇ ನಡೆಸಿದ.
ಮೊದಲ ಸುತ್ತಿನ ಚಹಾ, ಕಹಿಯದು, ಮುಗಿದಿತ್ತು.
ಹೊಸದಾಗಿ ಬಂದ ಮುದುಕನೊಬ್ಬ ನಮ್ಮಿಬ್ಬರನ್ನೂ ನೋಡಿ
ಕಾಯಿಲೆ ಯಾರಿಗಮ್ಮ? ಎಂದ.
ಯಾಂದೆ ನನ್ನತ್ತ ಬೆರಳು ತೋರಿದಳು:
ಇವಳಿಗೆ. ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ.
ನಾನು ಜೊತೆಗೆ ಬಂದವಳು.
ನಕ್ಕರು ಎಲ್ಲರೂ. ಡಾಕ್ಟರು ನಗಲಿಲ್ಲ.
ತಿದ್ದಲು ಬಾಯಿ ತೆರೆದೆ,
ಅಳು ಬಂತು.

ನಿನ್ನೆ ಅಡುಗೆ ಸರದಿ ನನ್ನದು. ಮೀನನ್ನ.
ಬೋಗುಣಿಯ ಸುತ್ತ ಆರು ಕೈ,
ಏಳನೆಯದು ಅವಳದು, ತಡವಾಗಿ.
ತನ್ನ ಅಂಚಿನಿಂದ ಒಂದು ತುತ್ತು ಕಟ್ಟಿ,
ನಿಧಾನ ಅಗಿದು, ನುಂಗಿ,
ಉಪ್ಪು ಸಾಲದು ದಿಬೋರ್, ಎಂದಳು.

ಉಪ್ಪಿಗೆಂದು ಎದ್ದೆ.
ಎಲ್ಲಿಟ್ಟಿದ್ದೆನೋ, ನೆನಪಾಗಲೇ ಇಲ್ಲ.